ಕೀಲಿಕೈ ಯಾರ ಕೈಯಲ್ಲಿ?

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ವಾಗ್ಮಿಯಲ್ಲ, ಬ್ಯಾಂಕಿನ ಗುಮಾಸ್ತ. ಮಾತಿಗೆ ದೀಪ ಹಚ್ಚುವ ಡಬ್ಬಿ, ಫೋನಿನಿಂದ ತೆರೆಯುವ ಬೀಗ, ದೂರದಿಂದ ನೋಡುವ ಕ್ಯಾಮರಾ ಇವೆಲ್ಲ ಈಗ ನಮ್ಮ ಮನೆಗಳಿಗೆ ಬಂದಿವೆ. ಅವುಗಳ ವಿಷಯವಾಗಿ ಎರಡು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ.

ನಾವು ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದವರು, ಹಿರಿಯರು ಊರಿನಲ್ಲಿದ್ದಾರೆ. ಧಾರವಾಡದಲ್ಲಿ ಒಬ್ಬಳೇ ಇರುವ ನನ್ನ ಅವ್ವನ ಚಿಂತೆಯಿಂದ ಅಲ್ಲಿಯ ನಡುಮನೆಗೆ ಒಂದು ಕ್ಯಾಮರಾ ಹಾಕಿಸಿದೆ. ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಅವಳನ್ನು ನೋಡುತ್ತಿದ್ದೆ. ಒಂದು ದಿನ ಚಿತ್ರ ಕಪ್ಪಾಯಿತು. ಗಾಬರಿಯಿಂದ ಫೋನು ಮಾಡಿದರೆ ಅವ್ವ ಹೇಳಿದಳು:

“ನಾನಽ ಅದರ ಮ್ಯಾಲ ಅರಿವಿ ಹೊಚ್ಚೀನಿ. ನೀ ನೋಡೂದಕ್ಕ ನನ್ನ ತಕರಾರಿಲ್ಲಪಾ. ಆದ್ರ ನೀ ಒಬ್ಬನಽ ನೋಡ್ತೀ ಅಂತ ಯಾರು ಹೇಳಾವ್ರು?”

ನನ್ನಲ್ಲಿ ಉತ್ತರವಿರಲಿಲ್ಲ. ವಿಚಾರಿಸಿದಾಗ, ಕ್ಯಾಮರಾ ಕೂಡಿಸಿದವನು ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸಿಯೇ ಇರಲಿಲ್ಲ!

ಇದು ಸಣ್ಣ ತಪ್ಪಲ್ಲ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಇಂಥ ಅರವತ್ತರಷ್ಟು ಸಿದ್ಧ ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಲಕ್ಷಗಟ್ಟಲೆ ಕ್ಯಾಮರಾ, ರೂಟರುಗಳನ್ನು ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಯಂತ್ರಗಳನ್ನೇ ಛೂ ಬಿಟ್ಟು ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವು ಅನೇಕರಿಗೆ ಗಂಟೆಗಟ್ಟಲೆ ಸಿಗದಂತೆ ಮಾಡಲಾಯಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ವೈಜ್ ಕಂಪನಿಯ ಸುಮಾರು 13,000 ಗ್ರಾಹಕರಿಗೆ ಪರರ ಮನೆಯ ಚಿತ್ರಗಳು ಕಂಡವು. ಅಲ್ಲಿ ಕಳ್ಳನೂ ಹೊಕ್ಕಿರಲಿಲ್ಲ, ವ್ಯವಸ್ಥೆಯಲ್ಲಿಯೇ ಗೊಂದಲವಾಗಿತ್ತು.

ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ, ಇಬ್ಬರ ವಶದಲ್ಲಿ. ಒಬ್ಬರ ಮೇಲೆ ನಂಬಿಗೆ ಇಲ್ಲವೆಂದಲ್ಲ, ನಂಬಿಗೆ ಕೆಡದಿರಲೆಂದು. ಹಣಕ್ಕೆ ಇಷ್ಟು ಎಚ್ಚರ ವಹಿಸುವ ನಾವು, ನಡುಮನೆಯ ಕೀಲಿಕೈಯನ್ನು ಮುಖ ಕಾಣದ ಕಂಪನಿಗೆ ಒಪ್ಪಿಸಿ ನಿಶ್ಚಿಂತೆಯಾಗಿ ಮಲಗಬಹುದೇ?

ಯಂತ್ರವೇ ಬೇಡವೆಂದು ನಾನು ಹೇಳಲಾರೆ. ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿರಿ. ಕಂಪನಿ ಕಳಿಸುವ ತಿದ್ದುಪಡಿಗಳನ್ನು ಹಾಕಿಕೊಳ್ಳಿರಿ. ಫೋನಿನ ಬೀಗವಿದ್ದರೂ ಕಬ್ಬಿಣದ ಕೀಲಿಕೈ ಒಂದಿರಲಿ. ಎಲ್ಲಕ್ಕೂ ಮೊದಲು, ಯಾರನ್ನು ನೋಡಬೇಕೆಂದಿದ್ದೀರೋ ಅವರ ಒಪ್ಪಿಗೆ ಕೇಳಿರಿ. ನಾನು ಅದನ್ನೇ ಮರೆತಿದ್ದೆ.

ಈಗ ಆ ಕ್ಯಾಮರಾ ಹೊರಬಾಗಿಲ ಮೇಲಿದೆ. ದಿನಾ ರಾತ್ರಿ ಫೋನು ಮಾಡಿ ಅವ್ವನನ್ನು ಮಾತಾಡಿಸುತ್ತೇನೆ. ನೋಡಲೇಬೇಕೆನಿಸಿದರೆ ಧಾರವಾಡಕ್ಕೆ ಟಿಕೀಟು ತೆಗೆಸುತ್ತೇನೆ.

 ಸಿರಿಗನ್ನಡಂ ಗೆಲ್ಗೆ!