ಮುಸಲ್ಮಾನ ಬಾಂಧವರ ಹಬ್ಬಗಳು: ಬಾಲಕರಿಗೆ ಅವುಗಳ ಅರ್ಥಬೋಧೆ

 

ನೆರೆಮನೆಯಲ್ಲಿ ಹಬ್ಬವಾದರೆ ಅದನ್ನು ಮೊದಲು ಅರಿಯುವವರು ಮಕ್ಕಳು. ಹೊಸ ಬಟ್ಟೆಯುಟ್ಟು ಈದಗಾದ ಕಡೆಗೆ ಸಾಗುವ ಜನರನ್ನೂ, ಸಂಜೆಯಲ್ಲಿ ಖರ್ಜೂರವನ್ನು ಮುಂದಿಟ್ಟುಕೊಂಡು ಸೂರ್ಯಾಸ್ತವನ್ನು ಕಾಯುವವರನ್ನೂ, ಅಲಾಯಿ ಕುಣಿಯಲ್ಲಿ ಉರಿಯುವ ಕೊರಡುಗಳನ್ನೂ ಕನ್ನಡ ನಾಡಿನ ಬಾಲಕರು ವರುಷ ವರುಷವೂ ಕಾಣುತ್ತಿರುವರು. ಕಂಡುದು ಬಹಳ, ತಿಳಿದುದು ಸ್ವಲ್ಪ. ಇದೇಕೆಂದು ಕೇಳಿದ ಬಾಲಕನಿಗೆ ‘ಅದು ಅವರ ಹಬ್ಬ’ ಎಂದಷ್ಟೇ ಉತ್ತರ ದೊರೆತರೆ ಪ್ರಶ್ನೆ ಅಡಗುವದು, ಅಜ್ಞಾನವು ಅಡಗದು. ಅಜ್ಞಾನವಿದ್ದೆಡೆಯಲ್ಲಿ ಯಾರೋ ಆಡಿದ ಅಪವಾದವು ಬೇಗನೆ ಬೇರೂರುವದು. ಆದುದರಿಂದ ಹಬ್ಬದ ಹೊರಗನ್ನು ಕಂಡ ಬಾಲಕನಿಗೆ ಅದರ ಒಳಗನ್ನು ತೋರುವದು ಪಾಠಶಾಲೆಯ ಕರ್ತವ್ಯಗಳಲ್ಲಿ ಒಂದು.

ರಂಜಾನು ಒಮ್ಮೆ ಬೇಸಿಗೆಯಲ್ಲಿ, ಕೆಲವು ವರುಷಗಳ ತರುವಾಯ ಚಳಿಗಾಲದಲ್ಲಿ ಬರುವದೇಕೆಂಬದು ಬಾಲಕರ ಮೊದಲ ಪ್ರಶ್ನೆ. ಪಂಚಾಂಗವನ್ನು ಬಲ್ಲವರು ಇದನ್ನು ಸುಲಭವಾಗಿ ತಿಳಿಸಬಲ್ಲರು. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಾಗುವವು. ಯುಗಾದಿಯು ವಸಂತವನ್ನು ಬಿಟ್ಟು ಕದಲಬಾರದೆಂದು ಸುಮಾರು 32-33 ತಿಂಗಳುಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸುವ ಪದ್ಧತಿಯು ಇಲ್ಲಿಯ ಪಂಚಾಂಗದಲ್ಲುಂಟು. ಹಿಜರಿ ಗಣನೆಯಲ್ಲಿ ಅಧಿಕಮಾಸವಿಲ್ಲ. ಕ್ರಿ. ಶ. 622ರಲ್ಲಿ ಪೈಗಂಬರರು ಮಕ್ಕೆಯಿಂದ ಮದೀನೆಗೆ ತೆರಳಿದ ವರುಷವೇ ಆ ಗಣನೆಗೆ ಆದಿ. ಆದಕಾರಣ ಅವರ ಹಬ್ಬಗಳು ಪ್ರತಿವರುಷ ಹತ್ತು-ಹನ್ನೊಂದು ದಿನ ಮುಂಚಿತವಾಗುತ್ತ, ಸುಮಾರು 33 ವರುಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುವವು. ಹದಿನೈದರ ಪ್ರಾಯದಲ್ಲಿ ಕಡುಬೇಸಿಗೆಯ ಉಪವಾಸ ಹಿಡಿದವನು ಅದೇ ಬಿಸಿಲಿನ ರಂಜಾನನ್ನು ಮರಳಿ ಕಾಣುವಾಗ ಐವತ್ತರ ಹತ್ತಿರ ಬಂದಿರುವನು. ಹೀಗೆ ಸುಲಭದ ಋತುವೂ ಕಠಿಣದ ಋತುವೂ ಎಲ್ಲರ ಪಾಲಿಗೆ ಬರುವವು.

ರಂಜಾನು ಹಿಜರಿಯ ಒಂಬತ್ತನೆಯ ತಿಂಗಳು. ಕುರಾನು ಅವತರಿಸಿದ ಮಾಸವೆಂದು ಅದಕ್ಕೆ ಪಾವಿತ್ರ್ಯ. ಬೆಳಗಿನ ಬೆಳಕು ಮೂಡುವ ಮುನ್ನ ಉಂಡವರು ಸೂರ್ಯಾಸ್ತದವರೆಗೆ ಅನ್ನವನ್ನೂ ನೀರನ್ನೂ ಮುಟ್ಟರು. ರೋಗಿಗಳಿಗೂ ಪ್ರಯಾಣಿಕರಿಗೂ ಆಗ ವಿನಾಯಿತಿಯುಂಟು. ಬಿಟ್ಟ ದಿನಗಳನ್ನು ಅವರು ಮುಂದೆ ಪೂರೈಸತಕ್ಕದ್ದು. ಚಿಕ್ಕ ಮಕ್ಕಳಿಗೆ ಉಪವಾಸದ ಕಟ್ಟಿಲ್ಲ. ಹೊಟ್ಟೆಯೊಡನೆ ನಾಲಗೆಯೂ ಉಪವಾಸವಿರಬೇಕು, ಸುಳ್ಳು ಚಾಡಿಗಳನ್ನು ಬಿಡಬೇಕೆಂಬದು ಆ ಧರ್ಮದ ಬೋಧೆ. ಬಾಗಿಲಿಕ್ಕಿದ ಕೋಣೆಯಲ್ಲಿ ಒಂದು ಗುಟುಕು ನೀರು ಕುಡಿದರೆ ಕಾಣುವವರಾರು? ಆದರೂ ಕುಡಿಯದಿರುವದೇ ಈ ವ್ರತದ ಸಾರ. ದೇವರು ಕಾಣುತ್ತಿರುವನೆಂಬ ಅರಿವನ್ನು ದೇಹಕ್ಕೇ ಕಲಿಸುವ ಅಭ್ಯಾಸವಿದೆಂದರೆ ಬಾಲಕರಿಗೆ ತಿಳಿಯುವದು.

ತಿಂಗಳು ಮುಗಿದು ಎಳೆಯ ಚಂದ್ರನು ಕಂಡ ಮರುದಿನ ಈದುಲ್ ಫಿತ್ರ್. ಅಂದಿನ ಸುರಕುಂಬವನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಮುಂಚಿನ ಕರ್ತವ್ಯವೊಂದನ್ನು ಬಲ್ಲವರು ಕಡಿಮೆ. ಶಕ್ತರಾದವರು ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿಯೂ, ಕೂಸಿನ ಹೆಸರಿನಲ್ಲಿಯೂ, ಗೊತ್ತಾದ ಅಳತೆಯ ಧಾನ್ಯವನ್ನಾಗಲಿ ಅದರ ಬೆಲೆಯನ್ನಾಗಲಿ ಬಡವರಿಗೆ ಕೊಡತಕ್ಕದ್ದು. ಇದೇ ಫಿತ್ರಾ. ಹಬ್ಬದ ದಿನ ಬಡವನು ಬೇಡುವಂತಾಗಬಾರದೆಂದು ಈದಿನ ನಮಾಜಿಗೆ ಮೊದಲೇ ಇದು ಸಲ್ಲಬೇಕು. ಇದಲ್ಲದೆ, ಗೊತ್ತಾದ ಮಿತಿಯನ್ನು ಮೀರಿ ವರುಷವಿಡೀ ಉಳಿದ ಧನದಲ್ಲಿ ನಲವತ್ತರಲ್ಲೊಂದು ಪಾಲನ್ನು ಕೊಡುವ ಜಕಾತ್ ಎಂಬ ವಿಧಿಯುಂಟು. ಸಂತೆಯ ಸುಂಕಕ್ಕೆ ಕನ್ನಡದಲ್ಲಿ ಬಳಕೆಯಾದ ‘ಜಕಾತಿ’ ಎಂಬ ಮಾತು ಈ ಶಬ್ದದಿಂದಲೇ ಬಂದುದು. ದಾಸೋಹವನ್ನು ನಿತ್ಯವೂ ಕಾಣುವ ಮಠದ ಬಾಲಕನಿಗೆ ಹಸಿದವನ ಪಾಲನ್ನು ಎತ್ತಿಡುವ ಈ ಧರ್ಮವು ಹೊಸದೆನಿಸದು. ಆದರೂ ಎರಡೂ ಒಂದೇ ಎಂದು ಹೇಳಬಾರದು. ಒಂದು ಅಳತೆಗೊಂಡ ವಿಧಿ, ಇನ್ನೊಂದು ಕಾಯಕದಿಂದ ಬಂದುದನ್ನು ಸಮಾಜಕ್ಕೆ ಅರ್ಪಿಸುವ ಭಾವ. ಹೋಲಿಕೆಯನ್ನೂ ಭೇದವನ್ನೂ ಕೂಡಿಯೇ ಹೇಳತಕ್ಕದ್ದು.

ಇನ್ನು ಬಕ್ರೀದ್. ಇಲ್ಲಿ ಅಧ್ಯಾಪಕನ ಪರೀಕ್ಷೆ. ದಯೆಯೇ ಧರ್ಮದ ಮೂಲವೆಂದು ಕಲಿತ ಬಾಲಕನು ಪ್ರಾಣಿಬಲಿಯ ಮಾತಿಗೆ ಹಿಂಜರಿಯುವದು ಸಹಜ. ಆ ಹಿಂಜರಿಕೆಯನ್ನು ಅಡಗಿಸಬಾರದು. ಕಥೆಯನ್ನು ಮರೆಮಾಚಲೂ ಬಾರದು. ಮಗನನ್ನು ಅರ್ಪಿಸಬೇಕೆಂದು ಇಬ್ರಾಹಿಮರಿಗೆ ಸ್ವಪ್ನದಲ್ಲಿ ಆಜ್ಞೆಯಾಯಿತು. ಮಗನೂ ಒಪ್ಪಿದನು. ಆತನು ಇಸ್ಮಾಯಿಲನೆಂದು ಮುಸಲ್ಮಾನರಲ್ಲಿ ಬಹುಜನರ ನಂಬುಗೆ. ತಂದೆ ಮಕ್ಕಳಿಬ್ಬರೂ ಸಿದ್ಧರಾದ ಕ್ಷಣದಲ್ಲಿ ದೇವರು ಮಗನನ್ನು ಉಳಿಸಿ ಅವನಿಗೆ ಬದಲಾಗಿ ಟಗರನ್ನು ಕೊಟ್ಟನು. ಹಜ್ ಯಾತ್ರೆಯ ಮಾಸವಾದ ಜುಲ್‌ಹಜ್ಜದ ಹತ್ತನೆಯ ದಿನ ಅದರ ಸ್ಮರಣೆ. ಮಾಂಸವನ್ನು ಮನೆಯವರಿಗೆ, ಬಂಧುಮಿತ್ರರಿಗೆ, ಬಡವರಿಗೆ ಎಂದು ಮೂರು ಪಾಲು ಮಾಡುವದು ರೂಢಿ. ಬಲಿಯ ರಕ್ತಮಾಂಸಗಳು ದೇವರನ್ನು ಮುಟ್ಟವು, ಭಕ್ತನ ನಿಷ್ಠೆಯೇ ಮುಟ್ಟುವದೆಂಬ ಅಭಿಪ್ರಾಯವು ಕುರಾನಿನಲ್ಲಿಯೇ ಉಂಟು. ಇಷ್ಟನ್ನು ತಿಳಿದ ಮೇಲೆಯೂ ಮಠದ ಬಾಲಕನು ತನ್ನ ಅಹಿಂಸೆಯ ವ್ರತವನ್ನು ಸಡಿಲಿಸಬೇಕಾದುದಿಲ್ಲ. ಒಪ್ಪದಿರುವದು ಬೇರೆ, ಅರಿಯದೆ ಹಳಿಯುವದು ಬೇರೆ. ಇದನ್ನು ಎಳೆಯ ವಯಸ್ಸಿನಲ್ಲಿ ಕಲಿತವನು ಮುಂದೆ ಯಾರೊಡನೆ ವಾದಿಸಿದರೂ ದ್ವೇಷಿಸಲಾರನು.

ಕೊನೆಯದು ಮೊಹರಂ. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಇದು ಎಲ್ಲ ಜಾತಿಯವರ ಹಬ್ಬ. ಮುಸಲ್ಮಾನರ ಮನೆಗಳು ಬೆರಳೆಣಿಕೆಯಷ್ಟಿರುವ ಊರುಗಳಲ್ಲಿಯೂ ಪಂಜಾಗಳನ್ನು ಕೂಡ್ರಿಸಿ, ಹರಕೆ ಹೊತ್ತು, ಸಕ್ಕರೆ ಓದಿಸುವರು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ದೂರದೂರದ ಜನರನ್ನು ಸೆಳೆಯುವದು. ಹೆಜ್ಜೆಯ ಕುಣಿತ, ಹುಲಿವೇಷ, ಕನ್ನಡದ ರಿವಾಯತ ಪದಗಳು ಬಾಲಕರಿಗೆ ಆನಂದವನ್ನೀಯುವವು. ಆದರೆ ಇದರ ಮೂಲವು ಶೋಕವೆಂಬದನ್ನು ಎಷ್ಟು ಮಂದಿ ಬಾಲಕರು ಬಲ್ಲರು? ಕ್ರಿ. ಶ. 680ರಲ್ಲಿ, ಮೊಹರಂ ಮಾಸದ ಹತ್ತನೆಯ ದಿನ, ಯೂಫ್ರೆಟಿಸ್ ನದಿಯ ಸಮೀಪದ ಕರ್ಬಲೆಯಲ್ಲಿ ಪೈಗಂಬರರ ಮೊಮ್ಮಗ ಹುಸೇನರು ಹತರಾದರು. ಯಜೀದನ ಅಧಿಕಾರಕ್ಕೆ ಅವರು ತಲೆಬಾಗಲಿಲ್ಲ. ವೈರಿಯ ಸೈನ್ಯವು ಅವರ ಪಾಳೆಯಕ್ಕೆ ನದಿಯ ನೀರನ್ನು ತಡೆಯಿತು. ಜೊತೆಗಿದ್ದವರು ಎಪ್ಪತ್ತೆರಡು ಮಂದಿಯೆಂದು ಸಂಪ್ರದಾಯದ ಎಣಿಕೆ. ಅಂದಿನ ಬಾಯಾರಿಕೆಯನ್ನು ನೆನೆದೇ ಇಂದಿಗೂ ದಾರಿಹೋಕರಿಗೆ ಪಾನಕವನ್ನು ಹಂಚುವರು. ಪಂಜಾ ಕೂಡ್ರಿಸುವದನ್ನೂ ಕುಣಿತವನ್ನೂ ಒಪ್ಪದ ಮುಸಲ್ಮಾನ ಪಂಡಿತರೂ ಉಂಟು. ಒಂದು ಧರ್ಮದೊಳಗೂ ಮತಭೇದಗಳಿರುವವೆಂಬದನ್ನು ಬಾಲಕರಿಗೆ ಮುಚ್ಚಬೇಕಾಗಿಲ್ಲ. ಅಲಾಯಿ ಕುಣಿಯ ಸುತ್ತ ಕುಣಿಯುವ ಬಾಲಕನು, ಅನ್ಯಾಯಕ್ಕೆ ಮಣಿಯದೆ ಮಡಿದವರ ನೆನಪಿನಲ್ಲಿ ಆ ಬೆಂಕಿ ಉರಿಯುತ್ತಿರುವದೆಂದು ಅರಿತರೆ, ಅವನ ಹೆಜ್ಜೆಯಲ್ಲಿ ಗೌರವವೂ ಕೂಡುವದು.

ಅಧ್ಯಾಪಕ ಬಂಧುಗಳೇ, ಪರಧರ್ಮದ ಹಬ್ಬವನ್ನು ಅದನ್ನು ಆಚರಿಸುವವರು ಒಪ್ಪುವ ಮಾತುಗಳಲ್ಲಿಯೇ ಹೇಳಿರಿ. ಸಂದೇಹ ಬಂದರೆ ಊರಿನ ಮೌಲವಿಗಳನ್ನು ಕೇಳಿರಿ. ಕೇಳಿ ತಿಳಿಯುವದರಲ್ಲಿ ಕುಂದಿಲ್ಲ. ವಿದ್ಯಾರ್ಥಿಗಳೇ, ನೆರೆಯ ಗೆಳೆಯನು ಉಪವಾಸವಿರುವ ದಿನ ಅವನ ಎದುರಿಗೆ ತಿಂದು ಅಣಕಿಸದಿರಿ. ಈದಿನ ದಿನ ಅವನ ಮನೆಗೆ ಹೋಗಿ ಶುಭವನ್ನು ಕೋರಿರಿ. ಕೊರಳಲ್ಲಿಯ ಲಿಂಗದ ಮೇಲೆ ನಿಷ್ಠೆಯುಳ್ಳವನಿಗೆ ನೆರೆಯವನ ನಿಷ್ಠೆಯನ್ನು ಗೌರವಿಸುವದು ಕಷ್ಟವಲ್ಲ. ಶ್ರೀಮಠದ ಅಂಗಳದಿಂದ ಹೊರಡುವ ಪ್ರತಿಯೊಬ್ಬ ಬಾಲಕನೂ ಈ ಅರಿವನ್ನು ತನ್ನ ಊರಿಗೆ ಒಯ್ಯಲಿ.