ಕೂಸಿನ ಅಂಗಿ, ನಮ್ಮ ಕಸೂತಿ
(ಉಪ್ಪಿನಬೆಟಗೇರಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಕೂಸಿನ ಹುಟ್ಟುಹಬ್ಬಕ್ಕೆ ಸಂಘದ ಸಾಲ ತೆಗೆದು ಪ್ಯಾಟಿ ಅಂಗಿ ತರೂದು ಬ್ಯಾಡ, ನಾವೇ ಹೊಲಿಯೋಣ. ಹತ್ತಿ ಬಟ್ಟೆಯನ್ನು ಮೊದಲು ನೀರಾಗ ನೆನೆಸಿ ಒಣಗಿಸೋಣ, ಇಲ್ಲಾಂದ್ರ ಆಮೇಲೆ ಕುಗ್ಗತೈತಿ. ಎದೆಯ ಮೇಲೆ ಕೂಸಿನ ಹೆಸರು, ಪಕ್ಕದಲ್ಲಿ ನಮ್ಮ ಧಾರವಾಡ ಕಸೂತಿಯ ತೊಟ್ಟಿಲು, ನವಿಲು ಇಲ್ಲವೇ ಆನೆ. ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ ಹೊಲಿಗೆಗೆ ಗಂಟಿಲ್ಲ. ಒಳಗೂ ಹೊರಗೂ ಒಂದೇ ರೂಪ. ಕೂಸಿನ ಮೈಗೆ ಚುಚ್ಚುವುದಿಲ್ಲ.

ಇದನ್ನು ನೋಡಿ ನಾಕು ಮಂದಿ ಆರ್ಡರ್ ಕೊಟ್ಟರೆ, ನಾವು ಬಟ್ಟೆ-ದಾರದ ರೊಕ್ಕ ಮಾತ್ರ ಕೇಳುತ್ತೇವೆ. "ಮನ್ಯಾಗ ಕೂತು ಮಾಡಿದ್ದಕ್ಕ ಎಂಥಾ ಕೂಲಿ?" ಅಂತೀವಿ. ಹೊಲಕ್ಕೆ ಕಳೆ ತೆಗೆಯಲು ಹೋದರೆ ಪಗಾರ ಬಿಡುತ್ತೇವೇನು? ಕಸೂತಿಗೆ ಕೂತ ತಾಸುಗಳನ್ನೂ ಸಂಘದ ವಹಿಯಲ್ಲಿ ಬರೆದು ಬೆಲೆಗೆ ಸೇರಿಸೋಣ.