ಜೋಗದ ನೀರು ಬಿಸಿಯಾಗುವುದೆ?

ನಾಗರ ಪಂಚಮಿಯಲ್ಲಿ ಮರದ ಕೊಂಬೆಗೆ ಕಟ್ಟುವ ಜೋಕಾಲಿಯನ್ನು ಕಾಣದವರು ನಮ್ಮಲ್ಲಿ ವಿರಳ. ಎರಡು ತುದಿಗಳಲ್ಲಿಯೂ ಅದು ಒಂದು ಕ್ಷಣ ನಿಂತಂತಾಗುತ್ತದೆ. ನಡುವೆ, ನೆಲಕ್ಕೆ ಅತಿ ಸಮೀಪವಿರುವಾಗ, ಅದರ ವೇಗ ಅತ್ಯಧಿಕ. ಎತ್ತರದಲ್ಲಿ ಅಡಗಿದ್ದ ಪ್ರಚ್ಛನ್ನ ಶಕ್ತಿ ಇಳಿಯುವಾಗ ಚಲನಶಕ್ತಿಯಾಗುತ್ತದೆ, ಏರುವಾಗ ಮರಳಿ ಮೊದಲಿನ ರೂಪ ತಾಳುತ್ತದೆ. ಲೆಕ್ಕವೇನೋ ಸರಿ. ಆದರೆ ಯಾರೂ ಜೀಕದಿದ್ದರೆ ಜೋಕಾಲಿ ನಿಂತೇಬಿಡುತ್ತದಲ್ಲ, ಆಗ ಆ ಶಕ್ತಿ ಎಲ್ಲಿಗೆ ಹೋಯಿತು?

ಈ ಪ್ರಶ್ನೆಗೆ ಅಳತೆಯ ಮೂಲಕ ಉತ್ತರ ಕೊಟ್ಟವರಲ್ಲಿ ಪ್ರಮುಖನು ಜೇಮ್ಸ್ ಜೌಲ್. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ, ಬಿಯರ್ ತಯಾರಿಸುವ ಮನೆತನದಲ್ಲಿ 1818ರಲ್ಲಿ ಹುಟ್ಟಿದವನು. ಇಳಿಯುವ ತೂಕದ ಗುಂಡುಗಳಿಂದ ನೀರಿನೊಳಗೆ ರೆಕ್ಕೆಗಳ ಚಕ್ರವನ್ನು ತಿರುಗಿಸಿ, ನೀರು ಎಷ್ಟು ಬೆಚ್ಚಗಾಯಿತೆಂದು ಸೂಕ್ಷ್ಮ ಉಷ್ಣಮಾಪಕದಿಂದ ಅಳೆದನು. ನಮ್ಮ ಗೃಹಿಣಿಯರು ಮಜ್ಜಿಗೆ ಕಡೆಯುವುದಕ್ಕಿಂತ ಇದೇನೂ ಬಹಳ ಬೇರೆಯಲ್ಲ. ಒಂದು ಪೌಂಡು ನೀರು 772 ಅಡಿ ಬಿದ್ದಾಗ ಒದಗುವ ಶಕ್ತಿಯೆಲ್ಲ ಬಿಸಿಯಾದರೆ, ಆ ನೀರಿನ ಉಷ್ಣತೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ ಎಂಬುದು 1850ರಲ್ಲಿ ಅವನು ಪ್ರಕಟಿಸಿದ ಲೆಕ್ಕ. ಜೋಕಾಲಿಯ ಶಕ್ತಿಯೂ ಗಾಳಿಯ ತಡೆಯಲ್ಲಿ, ಹಗ್ಗ ಕೊಂಬೆಗಳ ಉಜ್ಜಾಟದಲ್ಲಿ ಹೀಗೆಯೇ ಬಿಸಿಯಾಗಿ ಕರಗಿಹೋಗುತ್ತದೆ.

1847ರಲ್ಲಿ, ಮದುವೆಯಾದ ಹೊಸದರಲ್ಲಿ, ಆಲ್ಪ್ಸ್ ಪರ್ವತಗಳ ಪ್ರವಾಸಕ್ಕೆ ಹೋದಾಗಲೂ ಜೌಲನ ಕೈಯಲ್ಲಿ ಉಷ್ಣಮಾಪಕವಿದ್ದಿತೆಂದು ಅವನ ಮಿತ್ರ ವಿಲಿಯಂ ಥಾಮ್ಸನ್ ಬಹುಕಾಲದ ಮೇಲೆ ನೆನಪಿಸಿಕೊಂಡಿದ್ದಾನೆ. ನವವಧುವಿನ ತಾಳ್ಮೆ ದೊಡ್ಡದು! ಅಲ್ಲಿನ ಜಲಪಾತವೊಂದರ ನೀರು ತುಂತುರಾಗಿ ಚದುರುತ್ತಿದ್ದುದರಿಂದ ಅಳತೆ ಕೈಗೂಡಲಿಲ್ಲವಂತೆ.

ನಮ್ಮ ಜೋಗದ ರಾಜಾ ಧಾರೆ ಧುಮುಕುವ ಎತ್ತರ ಸುಮಾರು 830 ಅಡಿ. ಜೌಲನ ಲೆಕ್ಕದಂತೆ ತಳದ ನೀರು ಒಂದು ಡಿಗ್ರಿಗಿಂತ ತುಸು ಹೆಚ್ಚೇ ಬೆಚ್ಚಗಾಗಬೇಕು. ಆದರೆ ತುಂತುರು ಗಾಳಿಗೆ ಆರಿ ತಂಪಾಗುವುದರಿಂದ ಕೈಯಿಟ್ಟು ತಿಳಿಯುವಂತಿಲ್ಲ. ಅಷ್ಟು ಭೋರ್ಗರೆತ, ಅಷ್ಟು ವೈಭವ, ಕಡೆಗೆ ಇಷ್ಟೇ ಬಿಸುಪು!

ಶಕ್ತಿಗೆ ನಾಶವಿಲ್ಲವೆಂದ ಮೇಲೆ ಅದನ್ನು ಉಳಿತಾಯ ಮಾಡಿರೆಂದು ಸರಕಾರ ಏಕೆ ಹೇಳಬೇಕು ಎಂದು ತಾರ್ಕಿಕರು ಕೇಳಬಹುದು. ಈ ಪ್ರಶ್ನೆ ಕೇವಲ ಕುಚೋದ್ಯವಲ್ಲ. ಧುಮುಕುವ ನೀರಿನ ಶಕ್ತಿ ಒಂದೇ ದಿಕ್ಕಿಗೆ ಧಾವಿಸುತ್ತದೆ, ಚಕ್ರವನ್ನು ತಿರುಗಿಸಬಲ್ಲುದು. ಬೆಚ್ಚಗಾದ ನೀರಿನಲ್ಲಿ ಅದೇ ಶಕ್ತಿ ಕೋಟ್ಯನುಕೋಟಿ ಅಣುಗಳ ಗೊತ್ತುಗುರಿಯಿಲ್ಲದ ಅಲುಗಾಟವಾಗಿ ಹಂಚಿಹೋಗಿರುತ್ತದೆ. ಮೊತ್ತದಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಆದರೆ ಊರೆಲ್ಲ ಚಿಲ್ಲರೆಯಾಗಿ ಚೆಲ್ಲಿದ ಹಣವನ್ನು ಮತ್ತೆ ಗಂಟು ಕಟ್ಟುವವರು ಯಾರು?

ಜೋಗದ ಬಳಿಯ ಮೊದಲ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. ಬಂಡೆಗೆ ಅಪ್ಪಳಿಸುವ ಬದಲು ಕೊಳವೆಗಳಲ್ಲಿ ಇಳಿದು ಯಂತ್ರಗಳನ್ನು ತಿರುಗಿಸುವ ನೀರು ಅಷ್ಟು ಬಿಸಿಯಾಗುವುದಿಲ್ಲ. ಅದರ ಶಕ್ತಿಯ ಬಹುಪಾಲು ವಿದ್ಯುತ್ತಾಗಿ ತಂತಿಗಳಲ್ಲಿ ಊರೂರಿಗೆ ಹೊರಟಿರುತ್ತದೆ. ಅಲ್ಲಿ ಓದುವ ಹುಡುಗನಿಗೆ ಬೆಳಕಾಗಬಹುದು, ರಾಗಿ ಬೀಸುವ ಗಿರಣಿಯ ಕಲ್ಲನ್ನು ತಿರುಗಿಸಬಹುದು. ಗಿರಣಿಯಿಂದ ಆಗತಾನೆ ತಂದ ಹಿಟ್ಟಿನ ಚೀಲವನ್ನು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ.